ಅಂಬಿನ ಅಲಗು ಮತ್ತು ಉಕ್ಕಿನ ಹದ

ಖಡ್ಗದ ವರ್ಣನೆ ನಮ್ಮ ಕಾವ್ಯಗಳಲ್ಲಿ ಬೇಕಾದಷ್ಟುಂಟು. ಅಂಬಿನ ಅಲಗನ್ನು ಬಡಿದ ಕಮ್ಮಾರನನ್ನು ನೆನೆದವರು ವಿರಳ. ಕತ್ತಿಯು ಒಡೆಯನ ಕೈಯಲ್ಲಿಯೇ ಉಳಿಯತಕ್ಕ ವಸ್ತು. ಅಂಬಾದರೋ ಹೆದೆಯನ್ನು ಬಿಟ್ಟ ಮೇಲೆ ಮರಳಿ ದೊರೆಯುವುದೇ ಸಂದೇಹ. ಹೀಗೆ ಕಳೆದುಹೋಗುವ ವಸ್ತುವಿಗೆ ಒಳ್ಳೆಯ ಉಕ್ಕನ್ನು ಯಾರು ವೆಚ್ಚಮಾಡಿಯಾರು? ಶ್ರೋತೃಗಳೊಡನೆ ನಾವು ಈ ಹೊತ್ತು ವಿಚಾರಿಸಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಬಾಣದ ಮೊನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸೂಜಿಯಂತೆ ಕಿರಿದಾದುದು ಕವಚವನ್ನು ಭೇದಿಸುವುದಕ್ಕೆ. ಎಲೆಯಂತೆ ಅಗಲವಾಗಿ ಎರಡು ಕಡೆಯೂ ಬಾಯುಳ್ಳದ್ದು ಬೇಟೆಗೆ. ಅಗಲವಾದ ಅಲಗು ಕೊಲ್ಲುವುದು ಪೆಟ್ಟಿನ ಬಲದಿಂದಲ್ಲ, ರಕ್ತನಾಳಗಳನ್ನು ಕೊಯ್ಯುವುದರಿಂದ. ಬಾಯಿ ಹರಿತವಾಗಿದ್ದರೆ ಮೃಗವು ಬೇಗನೆ ಪ್ರಾಣ ಬಿಡುವುದು. ಮೊಂಡಾಗಿದ್ದರೆ ನಾಳಗಳು ಅಲಗಿನ ಪಕ್ಕಕ್ಕೆ ಜಾರಿಕೊಳ್ಳುವುವು. ಗಾಯಗೊಂಡ ಮೃಗವು ಪೊದೆಯನ್ನು ಸೇರಿ ದಿನಗಟ್ಟಲೆ ನರಳಬಹುದು. ಆದುದರಿಂದ ಅಲಗಿನ ಹರಿತವು ಬೇಟೆಗಾರನ ಹೆಮ್ಮೆಗೆ ಸೇರಿದ ಮಾತು ಮಾತ್ರವಲ್ಲ, ಮೃಗದ ಸಂಕಟಕ್ಕೆ ಸಂಬಂಧಿಸಿದ ಮಾತೂ ಹೌದು.

ಹರಿತ ಮಾಡುವುದು ಸುಲಭ, ಹರಿತವು ನಿಲ್ಲುವಂತೆ ಮಾಡುವುದು ಕಷ್ಟ. ಮೆದು ಕಬ್ಬಿಣವನ್ನು ಎಷ್ಟು ಮಸೆದರೂ ಎಲುಬಿಗೆ ತಗುಲಿದೊಡನೆ ಅದರ ಬಾಯಿ ಮಡಚಿಕೊಳ್ಳುವುದು. ಕಬ್ಬಿಣಕ್ಕೆ ತಕ್ಕಷ್ಟು ಇಂಗಾಲವು ಸೇರಿದರೆ ಉಕ್ಕಾಗುವುದು; ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಗಡುಸಾಗುವುದು. ಆದರೆ ಬರಿಯ ಗಡುಸು ಗಾಜಿನಂತೆ ಸಿಡಿಯುತ್ತದೆ. ಅದಕ್ಕಾಗಿ ಕಮ್ಮಾರನು ಮತ್ತೆ ಹಿತವಾಗಿ ಕಾಯಿಸಿ, ಉಜ್ಜಿದ ಮೈಮೇಲೆ ಹೊಂಬಣ್ಣವು ಮೂಡಿ ನೀಲಿಗೆ ತಿರುಗುವುದನ್ನು ನೋಡುತ್ತ, ಬೇಕಾದ ಕ್ಷಣದಲ್ಲಿ ತಣಿಸುವನು. ಹದವೆಂದರೆ ಇದೇ. ವರಾಹಮಿಹಿರನು 6ನೆಯ ಶತಮಾನದಲ್ಲಿಯೇ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿ ನೀರು, ತುಪ್ಪ ಮೊದಲಾದ ದ್ರವಗಳಲ್ಲಿ ಆಯುಧವನ್ನು ತಣಿಸುವ ಸಂಗತಿಯನ್ನು ಹೇಳಿರುವನು.

ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಇಂಗ್ಲೆಂಡಿನ ಕಮ್ಮಾರರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಲೋಹಪರೀಕ್ಷೆಗೆ ಗುರಿಯಾದ ಕೆಲವು ಮಧ್ಯಯುಗದ ಅಂಬುಗಳಲ್ಲಿ ನಡುಭಾಗವು ಮೆದು ಕಬ್ಬಿಣ, ಬಾಯಿಗೆ ಮಾತ್ರ ಬೆಸೆದ ಉಕ್ಕು. ಆದರೆ ಹೊರಗಿನಿಂದ ನೋಡಿದವನಿಗೆ ಕಬ್ಬಿಣಕ್ಕೂ ಉಕ್ಕಿಗೂ ಭೇದ ತೋರದು. ಈ ಮರೆಯಲ್ಲಿ ಮೋಸವೂ ನಡೆಯಿತು. 4ನೆಯ ಹೆನ್ರಿಯ ಆಳ್ವಿಕೆಯಲ್ಲಿ, 1406ರಲ್ಲಿ, ಪಾರ್ಲಿಮೆಂಟು ಇದಕ್ಕಾಗಿಯೇ ಒಂದು ಶಾಸನವನ್ನು ಮಾಡಬೇಕಾಯಿತು: ಬಾಣದ ಮೊನೆಗಳನ್ನು ಉಕ್ಕಿನಿಂದ ಗಡುಸು ಮಾಡತಕ್ಕದ್ದು, ಪ್ರತಿಯೊಂದರ ಮೇಲೂ ಮಾಡಿದವನ ಗುರುತು ಇರತಕ್ಕದ್ದು, ತಪ್ಪಿದವನಿಗೆ ದಂಡನೆ. ಬಿಲ್ಲುಗಾರರ ಬಲದಿಂದ ಯುದ್ಧಗಳನ್ನು ಗೆಲ್ಲುತ್ತಿದ್ದ ರಾಜ್ಯಕ್ಕೆ ಒಬ್ಬ ಕಮ್ಮಾರನ ಅಪ್ರಾಮಾಣಿಕತೆಯೂ ಅಲ್ಪ ವಿಷಯವಾಗಿರಲಿಲ್ಲ.

ಇನ್ನು ನಮ್ಮ ನಾಡಿನ ಮಾತು. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ಅವರು ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳಿಂದ ಕಬ್ಬಿಣದ ಆಯುಧಗಳು ದೊರೆತುವು. ಕಬ್ಬಿಣದ ಕೆಲಸವು ಇಲ್ಲಿ ಅಷ್ಟು ಹಳೆಯದು. 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸತೊಡಗಿದ ಬುಕಾನನ್ ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿರುವನು. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಡನೆ ತಂಗಡಿಯ ಕಡ್ಡಿ ಮತ್ತು ಹಸಿರೆಲೆ. ಮೂಸೆಯ ಬಾಯನ್ನು ಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಕಾಯಿಸುವುದು. ಕಡ್ಡಿ ಎಲೆಗಳ ಇಂಗಾಲವೇ ಕಬ್ಬಿಣವನ್ನು ಉಕ್ಕಾಗಿಸುತ್ತಿತ್ತು. ನಮ್ಮ ಉಕ್ಕು ಎಂಬ ಮಾತೇ ರೂಪಗೆಟ್ಟು ಪಾಶ್ಚಾತ್ಯರಲ್ಲಿ ವೂಟ್ಜ್ ಎನಿಸಿತೆಂದು ಪಂಡಿತರ ಅಭಿಪ್ರಾಯ. ಆ ಹೆಸರಿನ ಉಕ್ಕನ್ನು ಕುರಿತು ಪಿಯರ್ಸನ್ ಎಂಬವನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನು ಓದಿದನು; ಮುಂದೆ ಫ್ಯಾರಡೆಯೂ ಇದರ ಗುಟ್ಟನ್ನು ಅರಸಿದನು. ನೂರಕ್ಕೆ ಸುಮಾರು ಒಂದೂವರೆ ಭಾಗ ಇಂಗಾಲವುಳ್ಳ ಈ ಉಕ್ಕನ್ನು ಅತಿಯಾಗಿ ಕಾಯಿಸಿ ಬಡಿದರೆ ಪುಡಿಯಾಗುವುದು. ಅದನ್ನು ಪಳಗಿಸುವುದಕ್ಕೆ ತಾಳ್ಮೆಯೇ ಬೇಕಾಗಿತ್ತು.

ಆ ಕುಲುಮೆಗಳು ಆರಿಹೋಗಿವೆ. ಮೃಗಗಳ ಬೇಟೆಯನ್ನೂ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ನಮ್ಮ ದೇಶದಲ್ಲಿ ನಿಷೇಧಿಸಿದೆ. ಅದು ಆಗತಕ್ಕದ್ದೇ ಆಗಿತ್ತು. ಆದರೂ ಆ ಅಂಬಿನ ಅಲಗು ನಮಗೊಂದು ಪಾಠವನ್ನು ಉಳಿಸಿದೆ. ಮರಳಿ ಬಾರದ ವಸ್ತುವನ್ನು, ಯಾರೂ ಪರೀಕ್ಷಿಸಲಾರದ ವಸ್ತುವನ್ನು, ತನ್ನ ಮನಸ್ಸಾಕ್ಷಿಯೊಂದನ್ನೇ ನಂಬಿ ಹದಮಾಡಿದ ಕಮ್ಮಾರನೂ ಇದ್ದನು. ಹಾಗೆ ಮಾಡದವನೂ ಇದ್ದನು. ಮೊದಲನೆಯವನಿಗೆ ಯಾವ ಶಾಸನವೂ ಬೇಕಾಗಿರಲಿಲ್ಲ.