ಅಗ್ಗದ ಅರಿವೆಯೂ ಕೊಳ್ಳುವವರ ಸಂಕಟವೂ

ಪರದೇಶದ ವಸ್ತ್ರವನ್ನು ಉಡುವುದು ಭರತಖಂಡಕ್ಕೆ ಹೊಸತಲ್ಲ. ರಾಜನ ಕೋಶಕ್ಕೆ ಸೇರತಕ್ಕ ವಸ್ತುಗಳನ್ನು ಎಣಿಸುವಲ್ಲಿ ಕೌಟಿಲ್ಯನು ಚೀನದೇಶದ ಪಟ್ಟೆಯನ್ನು ಹೆಸರಿಸಿರುವನು. ಕಾಳಿದಾಸನ ಶಾಕುಂತಲದಲ್ಲಿ ಧ್ವಜದ ಬಟ್ಟೆಯೇ ಚೀನಾಂಶುಕವಾಗಿದೆ. ಇಷ್ಟೇ ಅಲ್ಲದೆ, ವರ್ತಕನು ತೆಗೆದುಕೊಳ್ಳಬಹುದಾದ ಲಾಭವನ್ನು ಗೊತ್ತುಮಾಡುವಾಗ ಅರ್ಥಶಾಸ್ತ್ರವು ಸ್ವದೇಶೀಯ ಪಣ್ಯಕ್ಕೆ ನೂರಕ್ಕೆ 5 ಎಂದೂ ಪರದೇಶೀಯ ಪಣ್ಯಕ್ಕೆ ನೂರಕ್ಕೆ 10 ಎಂದೂ ವಿಧಿಸಿದೆ. ಪರದೇಶದ ಸರಕನ್ನು ಅನುಗ್ರಹಪೂರ್ವಕವಾಗಿ ಬರಮಾಡಿಕೊಳ್ಳಬೇಕೆಂಬ ಮಾತೂ ಅಲ್ಲಿಯೇ ಉಂಟು. ದೂರದಿಂದ ಬಂದ ವಸ್ತುವು ದುಬಾರಿಯಾಗಿರುವುದು ಆ ಕಾಲಕ್ಕೆ ಸಹಜವಾಗಿದ್ದಿತು. ಅದನ್ನು ತ್ಯಜಿಸುವುದು ಬಡವನಿಗೆ ಕಷ್ಟವಾಗಿರಲಿಲ್ಲ. ಏಕೆಂದರೆ ಅದು ಅವನ ಕೈಗೆ ಎಟುಕುತ್ತಲೇ ಇರಲಿಲ್ಲ.

ಈ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಲೋಕದ ಬೆಳಕಿಗೆ ತಂದರು. ಅದೇ ವರ್ಷದ ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ಸೇರಿದ ಮಹಾಸಭೆಯು ಇಂಗ್ಲೆಂಡಿನ ಸರಕನ್ನು ಬಹಿಷ್ಕರಿಸುವ ನಿರ್ಣಯವನ್ನು ಮಾಡಿತು. ಕೌಟಿಲ್ಯನ ಕಾಲಕ್ಕೂ ಈ ನಿರ್ಣಯಕ್ಕೂ ನಡುವೆ ಲೋಕವೇ ತಲೆಕೆಳಗಾಗಿದ್ದಿತು. ಸಮುದ್ರದಾಚೆಯಿಂದ ಬಂದುದು ಅಗ್ಗ, ಪಕ್ಕದ ಓಣಿಯಲ್ಲಿ ನೆಯ್ದುದು ದುಬಾರಿ ಎಂಬ ವಿಪರ್ಯಯವು ಸಂಭವಿಸಿದ್ದಿತು. ಅಗ್ಗದ ಪರದೇಶೀಯ ವಸ್ತುವನ್ನು ಬಿಡಬೇಕೆಂಬ ವ್ರತವು ಏಕೆ ಇಷ್ಟು ದುಸ್ತರವಾಯಿತೆಂಬುದನ್ನು ಅರಿಯಬೇಕಾದರೆ ಈ ವಿಪರ್ಯಯದ ಇತಿಹಾಸವನ್ನು ನೋಡಬೇಕು.

ಆಶ್ಚರ್ಯದ ಸಂಗತಿಯೇನೆಂದರೆ, ಈ ಸಂಕಟವನ್ನು ಹಿಂದೂಸ್ಥಾನಕ್ಕಿಂತ ಮೊದಲು ಅನುಭವಿಸಿದುದು ಇಂಗ್ಲೆಂಡು ದೇಶವೇ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರ ಹಡಗುಗಳು ಹಿಂದೂಸ್ಥಾನದ ಚಿತ್ತಾರದ ಹತ್ತಿಯ ಅರಿವೆಯನ್ನು ಲಂಡನ್ನಿಗೆ ರಾಶಿರಾಶಿಯಾಗಿ ಒಯ್ದವು. ಅದು ಹಗುರ, ಒಗೆದರೆ ಬಣ್ಣ ಬಿಡದು, ಬೆಲೆಯಾದರೋ ಅಲ್ಲಿಯ ರೇಷ್ಮೆಗಿಂತ ಎಷ್ಟೋ ಕಡಿಮೆ. ಅಲ್ಲಿಯ ಉಣ್ಣೆಯ ಮತ್ತು ರೇಷ್ಮೆಯ ನೇಕಾರರು ಕಂಗಾಲಾದರು. 1700ರಲ್ಲಿ ಪಾರ್ಲಿಮೆಂಟು ಚಿತ್ತಾರದ ಅರಿವೆಯನ್ನು ದೇಶದಲ್ಲಿ ಬಳಸುವುದಕ್ಕಾಗಿ ತರಿಸುವುದನ್ನು ನಿಷೇಧಿಸಿತು. ವರ್ತಕರು ಬಿಳಿಯ ಅರಿವೆಯನ್ನು ತರಿಸಿ ಲಂಡನ್ನಿನಲ್ಲಿಯೇ ಅಚ್ಚುಹಾಕಿಸತೊಡಗಿದರು. 1719ರಲ್ಲಿ ನೇಕಾರರು ಬೀದಿಗಿಳಿದು, ಅಂಥ ಅರಿವೆಯನ್ನು ಉಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನು ಹರಿದುಹಾಕಿದರು. 1721ರ ಕಾಯಿದೆಯು ಉಟ್ಟವರಿಗೆ 5 ಪೌಂಡ್, ಮಾರಿದವರಿಗೆ 20 ಪೌಂಡ್ ದಂಡವನ್ನು ವಿಧಿಸಿತು.

ಇಷ್ಟಾದರೂ ಜನರು ಉಡುವುದನ್ನು ಬಿಡಲಿಲ್ಲ. ಅಗಸೆನಾರಿನ ಹಾಸಿಗೆ ಹತ್ತಿಯ ಹೊಕ್ಕನ್ನು ಕೊಟ್ಟು ಲ್ಯಾಂಕಾಷೈರಿನಲ್ಲಿ ನೆಯ್ಯುತ್ತಿದ್ದ ಅರಿವೆಗೂ ಹಿಂದೂಸ್ಥಾನದ ಅರಿವೆಗೂ, ಅಚ್ಚುಹಾಕಿದ ಮೇಲೆ ಭೇದವನ್ನು ಹೇಳುವುದು ಸುಲಭವಾಗಿರಲಿಲ್ಲ. ತೊಟ್ಟವಳು ಸ್ವದೇಶೀಯಳೋ ಅಪರಾಧಿಯೋ ಎಂಬುದನ್ನು ಯಾರು ನಿರ್ಣಯಿಸಬೇಕು? 1736ರಲ್ಲಿ ಪಾರ್ಲಿಮೆಂಟು ಆ ಮಿಶ್ರವಸ್ತ್ರಕ್ಕೆ ವಿನಾಯಿತಿಯನ್ನು ಕೊಟ್ಟಿತು. ಸ್ವತಂತ್ರ ರಾಜ್ಯದ ಕಾಯಿದೆ, ದಂಡ, ನೇಕಾರರ ರೋಷ, ಈ ಮೂರೂ ಸೇರಿದರೂ ಕೊಳ್ಳುವವರ ಕೈಯನ್ನು ಪೂರ್ತಿಯಾಗಿ ಹಿಡಿಯಲಾಗಲಿಲ್ಲವೆಂಬುದು ಗಮನಾರ್ಹವಾದುದು. ಆದರೆ ಆ ಕಾಯಿದೆಯ ನೆರಳಿನಲ್ಲಿ ಅಲ್ಲಿಯ ಹತ್ತಿಯ ಉದ್ಯಮವು ಬೇರೂರಿತು. ಹಾರ್‌ಗ್ರೀವ್ಸ್, ಆರ್ಕ್‌ರೈಟ್, ಕ್ರಾಂಪ್ಟನ್ ಮೊದಲಾದವರ ನೂಲುವ ಯಂತ್ರಗಳು ಬಂದವು. 1786ರಲ್ಲಿ ಪೌಂಡೊಂದಕ್ಕೆ 38 ಷಿಲ್ಲಿಂಗಿಗೆ ಮಾರುತ್ತಿದ್ದ 100ನೆಯ ನಂಬರಿನ ನಯವಾದ ನೂಲು 1807ರ ಹೊತ್ತಿಗೆ 7 ಷಿಲ್ಲಿಂಗಿಗೂ ಕಡಿಮೆಯಾಯಿತು. ಚಕ್ರವು ತಿರುಗಿತು.

ಇತ್ತ ಕನ್ನಡನಾಡಿನ ಸ್ಥಿತಿಯು ಆಗ ಹೇಗಿದ್ದಿತೆಂಬುದಕ್ಕೆ, 1800ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ನನ ಬರಹವೇ ಸಾಕ್ಷಿ. ಬೆಂಗಳೂರಿನ ಸುತ್ತಿನ ವಾರದ ಸಂತೆಗಳಲ್ಲಿ ಬ್ರಾಹ್ಮಣರ ಹೊರತು ಮಿಕ್ಕೆಲ್ಲ ಜಾತಿಯ ಹೆಂಗಸರೂ ಅರಳೆಯನ್ನು ಸ್ವಲ್ಪಸ್ವಲ್ಪವಾಗಿ ಕೊಂಡು, ಮನೆಯಲ್ಲಿ ನೂತು, ಆ ನೂಲನ್ನು ಸಂತೆಯಲ್ಲಿಯೇ ನೇಕಾರರಿಗೆ ಮಾರುತ್ತಿದ್ದರೆಂದು ಅವನು ತಿಳಿಸಿರುವನು. ದೇವಾಂಗ, ಪಟ್ಟೇಗಾರ, ತೊಗಟ ಮೊದಲಾದ ನೇಕಾರರ ಕಸಬುಗಳನ್ನೂ ಅವನು ವಿವರಿಸಿರುವನು. ಕೊಳ್ಳುವವಳೂ ನೂಲುವವಳೂ ನೆಯ್ಯುವವನೂ ಒಂದೇ ಸಂತೆಯಲ್ಲಿ ಮುಖಾಮುಖಿಯಾಗುತ್ತಿದ್ದ ಕಾಲದಲ್ಲಿ ಅರಿವೆಯು ಎಲ್ಲಿಯದೆಂದು ಕೇಳುವ ಅಗತ್ಯವೇ ಇರಲಿಲ್ಲ.

1813ರಲ್ಲಿ ಹಿಂದೂಸ್ಥಾನದ ವ್ಯಾಪಾರದಲ್ಲಿ ಕಂಪೆನಿಗಿದ್ದ ಏಕಸ್ವಾಮ್ಯವು ರದ್ದಾಯಿತು. ಇಂಗ್ಲೆಂಡಿನ ಅರಿವೆಯೂ ನೂಲೂ ಪ್ರವಾಹದಂತೆ ಬಂದವು. ಇವುಗಳಲ್ಲಿ ನೂಲಿನ ಕಥೆಯು ಹೆಚ್ಚು ಸೂಕ್ಷ್ಮವಾದುದು. ಅರಿವೆಯು ನೇಕಾರನಿಗೆ ಶತ್ರುವಾಗಿ ಬಂದಿತು. ನೂಲಾದರೋ ಮಿತ್ರನಂತೆ ಬಂದಿತು. ಯಂತ್ರದ ನೂಲು ಸಮನಾಗಿಯೂ ಅಗ್ಗವಾಗಿಯೂ ಇದ್ದುದರಿಂದ, ಗಿರಣಿಯ ಅರಿವೆಯೊಡನೆ ಸ್ಪರ್ಧಿಸಬೇಕಾದ ನೇಕಾರನು ಅದನ್ನೇ ಹಿಡಿದನು. ಹೀಗೆ ಮಗ್ಗವು ಉಳಿಯಿತು, ರಾಟೆಯು ನಿಂತಿತು.

ಬಂಗಾಳದ ಶಾಂತಿಪುರದ ಒಬ್ಬ ವಿಧವೆಯು 1828ರಲ್ಲಿ ‘ಸಮಾಚಾರ ದರ್ಪಣ’ ಪತ್ರಿಕೆಗೆ ಬರೆಯಿಸಿದ ಕಾಗದವೊಂದು ಈ ಸಂದರ್ಭದಲ್ಲಿ ಸ್ಮರಣೀಯವಾಗಿದೆ. ರಾಟೆಯಿಂದಲೇ ಸಂಸಾರವನ್ನು ಸಾಗಿಸಿದ ಆಕೆಯ ಮನೆಗೆ ನೇಕಾರರು ತಾವಾಗಿ ಬಂದು ನೂಲನ್ನು ಕೊಳ್ಳುತ್ತಿದ್ದರು. ಆಮೇಲೆ ಅವರು ಬರುವುದು ನಿಂತಿತು; ಆಕೆ ನೂಲನ್ನು ಕಳುಹಿಸಿಕೊಟ್ಟರೂ ಹಳೆಯ ಬೆಲೆ ಹುಟ್ಟದಾಯಿತು. ವಿಚಾರಿಸಲಾಗಿ ವಿಲಾಯತಿಯ ನೂಲು ಬಂದಿರುವುದೆಂದು ತಿಳಿಯಿತು. ಸೇರಿಗೆ 3–4 ರೂಪಾಯಿಯೆಂಬ ಅದರ ಬೆಲೆಯನ್ನು ಕೇಳಿದಾಗ ಆಕೆಗೆ ಉಂಟಾದುದು ಕೋಪವಲ್ಲ. ವಿಲಾಯತಿಯವರೆಲ್ಲರೂ ಸಿರಿವಂತರೆಂದು ತಾನು ತಿಳಿದಿದ್ದೆ, ಇಷ್ಟು ದುಡಿದು ಇಷ್ಟು ಕಡಿಮೆಗೆ ಮಾರಬೇಕಾದರೆ ಅಲ್ಲಿಯೂ ತನಗಿಂತ ಬಡವೆಯರಾದ ಹೆಂಗಸರು ಇರಬೇಕು ಎಂಬುದು ಆಕೆಯ ಮಾತಿನ ತಾತ್ಪರ್ಯ. ಉಗಿಯ ಯಂತ್ರವನ್ನು ಆಕೆ ಕಂಡಿರಲಿಲ್ಲ. ಆದರೂ ಆ ಯಂತ್ರಗಳ ಬಳಿ ಎಳೆಯ ಮಕ್ಕಳೂ ಹೆಂಗಸರೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದ ಕಾಲವದು. ಆಕೆಯ ಊಹೆಯು ಪೂರ್ತಿ ಸುಳ್ಳಾಗಿರಲಿಲ್ಲ.

ಇಲ್ಲಿಂದ ಮುಂದೆ ಕೊಳ್ಳುವವರ ಸಂಕಟವು ಇಮ್ಮಡಿಯಾಯಿತು. ಬೆಲೆಯ ಆಕರ್ಷಣೆಯೊಂದು; ವಸ್ತುವಿನ ಮೂಲವೇ ಕಾಣದಾದುದು ಇನ್ನೊಂದು. ಊರ ನೇಕಾರನ ಮಗ್ಗದಿಂದ ಇಳಿದ ಸೀರೆಯನ್ನು ಕೊಂಡ ಗೃಹಿಣಿಯು ಸ್ವದೇಶದ ವಸ್ತ್ರವನ್ನೇ ಕೊಂಡೆನೆಂದು ನಂಬಿದ್ದಳು. ಅದರ ನೂಲು ಲ್ಯಾಂಕಾಷೈರಿನದಾಗಿರಬಹುದಾಗಿದ್ದಿತು. 1868ರಲ್ಲಿ ಮಂಜಿಷ್ಠದ ಕೆಂಪನ್ನು ಯೂರೋಪಿನ ರಸಾಯನಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿ ಮಾಡಿದರು. 1897ರಲ್ಲಿ ಜರ್ಮನಿಯ ಕೃತಕ ನೀಲಿಯು ಮಾರಾಟಕ್ಕೆ ಬಂದಿತು. ಹೀಗೆ ಬಣ್ಣವೂ ಪರದೇಶದ್ದಾಯಿತು. 1866ರಲ್ಲಿ ಫೋರ್ಬ್ಸ್ ವಾಟ್ಸನ್ನನು ಹಿಂದೂಸ್ಥಾನದ ಅರಿವೆಗಳ 700 ಮಾದರಿಗಳನ್ನು ಕತ್ತರಿಸಿ 18 ಸಂಪುಟಗಳಲ್ಲಿ ಅಂಟಿಸಿ ಇಂಗ್ಲೆಂಡಿನ ಉದ್ಯಮದ ಪಟ್ಟಣಗಳಿಗೆ ಹಂಚಿಸಿದನು. ರುಮಾಲು ಎಷ್ಟು ಉದ್ದ, ಸೀರೆಯ ಅಂಚು ಹೇಗೆ, ಯಾವ ಸೀಮೆಯವರಿಗೆ ಯಾವ ಬಣ್ಣವು ಪ್ರಿಯ ಎಂಬುದನ್ನೆಲ್ಲ ಅಲ್ಲಿಯ ಗಿರಣಿಯವರು ಮನೆಯಲ್ಲಿ ಕುಳಿತೇ ಕಲಿತರು. ಚೀನಾಮಣ್ಣನ್ನು ಬೆರಸಿದ ಗಂಜಿಯನ್ನು ಕೊಟ್ಟು ತೆಳ್ಳನೆಯ ಅರಿವೆಯನ್ನು ದಪ್ಪವಾಗಿ ತೋರಿಸುವುದೂ ನಡೆಯಿತು. ಥಾನಿನ ಮೇಲೆ ಲಕ್ಷ್ಮಿಯ ಅಥವಾ ಕೃಷ್ಣನ ಚಿತ್ರವನ್ನು ಅಂಟಿಸಿ ಕಳುಹಿಸುತ್ತಿದ್ದರು. ದೇವರ ಪಟವನ್ನು ನೋಡಿ ಕೊಂಡ ಸಾಮಾನ್ಯ ಕುಟುಂಬಿಯನ್ನು ಅವಿವೇಕಿಯೆಂದು ಹಳಿಯುವುದು ನ್ಯಾಯವಲ್ಲ.

ಸರಕಾರದ ಸುಂಕವೂ ಅಗ್ಗದ ಪಕ್ಷವನ್ನೇ ವಹಿಸಿತು. 1882ರಲ್ಲಿ ಪರದೇಶದ ಅರಿವೆಯ ಮೇಲಿನ ಆಮದು ಸುಂಕವು ಸಂಪೂರ್ಣವಾಗಿ ರದ್ದಾಯಿತು. 1896ರಲ್ಲಿ ನೂರಕ್ಕೆ ಮೂರೂವರೆಯಂತೆ ಸುಂಕವನ್ನು ಹಾಕಿದಾಗ, ಹಿಂದೂಸ್ಥಾನದ ಗಿರಣಿಗಳ ಅರಿವೆಯ ಮೇಲೆಯೂ ಅಷ್ಟೇ ತೆರಿಗೆಯನ್ನು ಹೇರಲಾಯಿತು. ಇಂಗ್ಲೆಂಡು ತನ್ನ ನೇಕಾರರಿಗಾಗಿ 1721ರಲ್ಲಿ ಮಾಡಿಕೊಂಡ ರಕ್ಷಣೆಯು ಇಲ್ಲಿಯವರಿಗೆ ದೊರೆಯಲಿಲ್ಲ. ರಾಜ್ಯವು ಮಾಡಬೇಕಾದ ಕಾರ್ಯವು ಕೊಳ್ಳುವವರ ಮನಸ್ಸಾಕ್ಷಿಯ ಮೇಲೆ ಬಿದ್ದಿತು. ಸ್ವದೇಶೀ ವ್ರತದ ಹುಟ್ಟು ಇದರಲ್ಲಿಯೇ ಇದೆ.

ಈ ವ್ರತವನ್ನು ಮೊದಲು ಕೈಕೊಂಡವರಲ್ಲಿ ಪುಣೆಯ ಗಣೇಶ ವಾಸುದೇವ ಜೋಶಿಯವರು ಮುಖ್ಯರು. ಸಾರ್ವಜನಿಕ ಕಾಕಾ ಎಂದು ಪ್ರಸಿದ್ಧರಾದ ಅವರು 1877ರ ದಿಲ್ಲಿಯ ದರ್ಬಾರಿಗೆ ಕೈನೂಲಿನ ಅರಿವೆಯನ್ನೇ ಉಟ್ಟು ಹೋದರು. ಅದು ಒಬ್ಬ ಧೀರನ ವ್ರತ. 1905ರಲ್ಲಿ ಅದೇ ವ್ರತವನ್ನು ಒಂದು ಪ್ರಾಂತ್ಯಕ್ಕೆ ಪ್ರಾಂತ್ಯವೇ ಕೈಕೊಳ್ಳಬೇಕೆಂದಾಗ ತೊಡಕುಗಳು ಎದ್ದವು. ಬೇಡಿಕೆಯು ಹೆಚ್ಚಲು ಮುಂಬಯಿಯ ಗಿರಣಿಗಳ ಅರಿವೆಯ ಬೆಲೆಯೂ ಏರಿತು. ಪೂರ್ವಬಂಗಾಳದ ಬಡ ರೈತರಿಗೆ ಒರಟಾದ ಸ್ವದೇಶೀ ಅರಿವೆಯೇ ವಿಲಾಯತಿಗಿಂತ ದುಬಾರಿಯಾಯಿತು. ಕೊಳ್ಳದವರ ಮೇಲೆ ಜಮೀನ್ದಾರರ ಒತ್ತಾಯ, ಸಾಮಾಜಿಕ ಬಹಿಷ್ಕಾರಗಳು ನಡೆದವು. ರವೀಂದ್ರನಾಥ ಠಾಕೂರರು 1916ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದ ‘ಘರೇ ಬಾಯಿರೆ’ ಕಾದಂಬರಿಯಲ್ಲಿ ಪಂಚು ಎಂಬ ಬಡ ವ್ಯಾಪಾರಿಯ ಅರಿವೆಯ ಗಂಟು ಸುಟ್ಟುಹೋಗುವುದು ಈ ಅನುಭವದ ಫಲವೇ. ಸ್ವತಃ ಸ್ವದೇಶೀ ಉದ್ಯಮಕ್ಕಾಗಿ ಹಣವನ್ನು ಕಳೆದುಕೊಂಡ ಕವಿಯು, ಸಿರಿವಂತನ ವ್ರತದ ಖರ್ಚನ್ನು ಬಡವನಿಂದ ವಸೂಲುಮಾಡುವುದನ್ನು ಒಪ್ಪದಾದನು.

ಮಹಾತ್ಮ ಗಾಂಧಿಯವರು 1921ರ ಜುಲೈ 31ರಂದು ಮುಂಬಯಿಯಲ್ಲಿ ಪರದೇಶದ ಅರಿವೆಯ ದೊಡ್ಡ ಹೋಳಿಯನ್ನು ಹೊತ್ತಿಸಿದರು. ಆದರೆ ಸುಡುವುದರಿಂದ ಮಾತ್ರ ಉಡುವುದಕ್ಕೆ ಸಿಕ್ಕದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದುದರಿಂದಲೇ ನೂಲಿನಿಂದ ಆರಂಭಿಸಿದರು. 1925ರಲ್ಲಿ ಅಖಿಲ ಭಾರತ ಚರಕಾ ಸಂಘವು ಸ್ಥಾಪಿತವಾಗಿ, ಅರಳೆಯಿಂದ ಅಂಗಡಿಯವರೆಗೆ ಪ್ರಮಾಣಪತ್ರದ ಏರ್ಪಾಡು ಬಂದಿತು. ಮೈಸೂರು ಸಂಸ್ಥಾನದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿಯ ಕೇಂದ್ರವಾಗಿ ಹೆಸರುಪಡೆಯಿತು. ಇಷ್ಟರಲ್ಲಿ ಗಿರಣಿಗಳು ಖಾದಿಯಂತೆಯೇ ಕಾಣುವ ಒರಟು ಅರಿವೆಯನ್ನು ಖಾದಿಯ ಹೆಸರಿನಲ್ಲಿಯೇ ಮಾರತೊಡಗಿದವು. ಕೊನೆಗೆ 1934ರಲ್ಲಿ, ಹಿಂದೂಸ್ಥಾನದಲ್ಲಿ ಕೈಯಿಂದ ನೂತು ಕೈಯಿಂದ ನೆಯ್ದ ಹತ್ತಿಯ ಅರಿವೆಗೆ ಮಾತ್ರ ಆ ಹೆಸರು ಸಲ್ಲತಕ್ಕದ್ದೆಂದು ಕಾಯಿದೆಯನ್ನೇ ಮಾಡಬೇಕಾಯಿತು. ಇಂಗ್ಲೆಂಡಿನ ಅರಿವೆಯು ಹಿಮ್ಮೆಟ್ಟುತ್ತಿದ್ದಂತೆ ಜಪಾನಿನ ಇನ್ನೂ ಅಗ್ಗದ ಅರಿವೆಯು ಮುನ್ನುಗ್ಗಿತು. 1933ರಲ್ಲಿ ಅದರ ಮೇಲಿನ ಸುಂಕವನ್ನು ನೂರಕ್ಕೆ 75ಕ್ಕೆ ಏರಿಸಲಾಯಿತು. 1931ರಲ್ಲಿ ಗಾಂಧಿಯವರು ಲ್ಯಾಂಕಾಷೈರಿಗೆ ಹೋಗಿ, ಬಹಿಷ್ಕಾರದಿಂದಲೂ ಕೆಲಸವನ್ನು ಕಳೆದುಕೊಂಡಿದ್ದ ಗಿರಣಿಯ ಕೂಲಿಗಾರರನ್ನೇ ಕಂಡು ಮಾತನಾಡಿದರು; ಅವರು ಆದರದಿಂದಲೇ ಬರಮಾಡಿಕೊಂಡರು. ಶಾಂತಿಪುರದ ವಿಧವೆಯು ಊಹಿಸಿದ ಆ ಬಡವರು ಹೀಗೆ ಕಣ್ಣಿಗೆ ಬಿದ್ದರು.

ಸ್ವರಾಜ್ಯವು ಬಂದ ಮೇಲೆ ಸುಂಕದ ಬೀಗದಕೈಯು ಸ್ವದೇಶೀಯರ ಕೈಗೇ ಬಂದಿತು. ಆದರೂ ತೊಡಕು ತೀರಲಿಲ್ಲ. ಇದಕ್ಕೆ ಕನ್ನಡನಾಡಿನ ರೇಷ್ಮೆಯೇ ನಿದರ್ಶನ. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿದಾಗ, ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತರು ಬೆಲೆಯ ಕುಸಿತದಿಂದ ಕಂಗೆಟ್ಟು ಪ್ರತಿಭಟಿಸಿದರು. ಚೀನದ ನೂಲಿನಿಂದ ಮಗ್ಗವನ್ನು ನಡೆಸುವ ಕಾಶಿಯ ನೇಕಾರನಿಗಾದರೋ ಸುಂಕವು ಇಳಿದುದು ಅನುಕೂಲವೇ ಆಗಿದ್ದಿತು. 2013ರಲ್ಲಿ ಸುಂಕವನ್ನು ನೂರಕ್ಕೆ 15ಕ್ಕೆ ಏರಿಸಿದುದು ಇವರಿಬ್ಬರ ನಡುವಣ ತಕ್ಕಡಿಯ ಹೊಂದಾಣಿಕೆ. ಮದುವೆಯ ಸೀರೆಯನ್ನು ಕೊಳ್ಳಲು ಹೋದ ಕುಟುಂಬಕ್ಕೆ ಅದರ ಹಾಸು ಎಲ್ಲಿಯದು, ಹೊಕ್ಕು ಎಲ್ಲಿಯದು ಎಂಬುದು ಇಂದಿಗೂ ಕಣ್ಣಿನಿಂದ ತಿಳಿಯುವಂಥದಲ್ಲ.

ಈ ಇತಿಹಾಸದಿಂದ ವ್ಯಕ್ತವಾಗುವುದಿಷ್ಟು. ಅಗ್ಗದ ಪರದೇಶೀಯ ವಸ್ತುವನ್ನು ತ್ಯಜಿಸುವುದು ಕೊಳ್ಳುವವನೊಬ್ಬನ ಹಟದಿಂದ ಎಲ್ಲಿಯೂ ಸಿದ್ಧಿಸಿಲ್ಲ. ವಸ್ತುವಿನ ಹುಟ್ಟನ್ನು ಪ್ರಾಮಾಣಿಕವಾಗಿ ತಿಳಿಸುವ ಏರ್ಪಾಡು, ಹೆಚ್ಚಿನ ಬೆಲೆಯ ಭಾರವನ್ನು ಹೊರಬಲ್ಲವರೇ ಹೊರುವ ಮನಸ್ಸು, ಮಾಡುವವರನ್ನು ಕಾಯುವ ರಾಜ್ಯದ ವಿಧಿ, ಈ ಮೂರೂ ಕೂಡಿದಲ್ಲಿ ಅಷ್ಟಿಷ್ಟು ಸಾಧ್ಯವಾಗಿದೆ. ಒಂದು ತಪ್ಪಿದಲ್ಲಿ ವ್ರತವು ದಂಭವಾಗಿಯೋ ಪೀಡೆಯಾಗಿಯೋ ಮಾರ್ಪಟ್ಟಿದೆ. ಅನುಕೂಲವುಳ್ಳ ವಿದ್ಯಾವಂತರ ಮನೆಗಳಿಗೆ ಇದರಲ್ಲಿ ಹೆಚ್ಚಿನ ಹೊಣೆಯುಂಟು. ಎರಡು ರೂಪಾಯಿ ಹೆಚ್ಚಾದರೆ ಅವರ ಒಲೆಯು ಆರುವುದಿಲ್ಲ. ಅಗ್ಗದ ಅರಿವೆಯನ್ನೇ ಉಡಬೇಕಾದ ನೆರೆಯವನನ್ನು ಅವರು ಹಳಿಯಲೂ ಬಾರದು. ಅಂಗಡಿಯಲ್ಲಿ ನಿಂತಾಗ ಬೆಲೆಯನ್ನು ಕೇಳುವುದು ಎಲ್ಲರಿಗೂ ಗೊತ್ತಿದೆ. ಈ ಬೆಲೆಗೆ ಇದನ್ನು ಮಾಡಿದವರಿಗೆ ಏನು ಉಳಿದಿರಬಹುದು ಎಂಬ ಇನ್ನೊಂದು ಪ್ರಶ್ನೆಯನ್ನು, ರಾಟೆಯ ಹೊರತು ಬೇರೆ ಆಸರೆಯಿಲ್ಲದ ಹೆಂಗಸೊಬ್ಬಳು 1828ರಲ್ಲಿಯೇ ಕೇಳಿ ಹೋಗಿರುವಳು.