ಟ್ಯಾಲಿನ್‌ನಲ್ಲಿ ವಿದ್ಯಾರ್ಥಿ ಜೀವನ: ಒಂದು ಸಂಖ್ಯೆ, ಒಂದು ವಿಳಾಸ ಮತ್ತು ಚಳಿಗಾಲ

ಬಾಲ್ಟಿಕ್ ಸಮುದ್ರದ ಫಿನ್ಲೆಂಡ್ ಕೊಲ್ಲಿಯ ದಕ್ಷಿಣ ದಡದಲ್ಲಿರುವ ಟ್ಯಾಲಿನ್, ಎಸ್ಟೋನಿಯಾ ದೇಶದ ರಾಜಧಾನಿ. ನಗರದ ಜನಸಂಖ್ಯೆ ಸುಮಾರು 4.5 ಲಕ್ಷ. ಇಡೀ ದೇಶದ ಜನಸಂಖ್ಯೆ 14 ಲಕ್ಷಕ್ಕಿಂತ ಕಡಿಮೆ. 2011ರ ಜನಗಣತಿಯಲ್ಲಿ 9.4 ಲಕ್ಷ ಜನರಿದ್ದ ಹುಬ್ಬಳ್ಳಿ-ಧಾರವಾಡದ ಅರ್ಧದಷ್ಟೂ ಇಲ್ಲದ ಈ ನಗರ, ಒಂದು ರಾಷ್ಟ್ರದ ಸಂಸತ್ತು, ಬಂದರು, ವಿಮಾನ ನಿಲ್ದಾಣ ಹಾಗೂ ಹಲವು ವಿಶ್ವವಿದ್ಯಾಲಯಗಳನ್ನು ತನ್ನೊಳಗೆ ಇಟ್ಟುಕೊಂಡಿದೆ.

1991ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಪಡೆದ ಎಸ್ಟೋನಿಯಾ 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನು, 2007ರ ಕೊನೆಗೆ ಷೆಂಗೆನ್ ವಲಯವನ್ನು ಸೇರಿತು. 2011ರಲ್ಲಿ ಯೂರೊ ನಾಣ್ಯವನ್ನು ಅಳವಡಿಸಿಕೊಂಡಿತು. ಗಣಕೀಕೃತ ಆಡಳಿತಕ್ಕೆ ಈ ದೇಶ ಪ್ರಸಿದ್ಧ. 2005ರಲ್ಲೇ ಇಲ್ಲಿ ಅಂತರಜಾಲದ ಮೂಲಕ ಮತದಾನ ನಡೆಯಿತು. 2023ರ ಸಂಸತ್ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಅಂತರಜಾಲದಿಂದಲೇ ಬಂದವು. ಹೊರದೇಶದ ವಿದ್ಯಾರ್ಥಿಯನ್ನು ಆಕರ್ಷಿಸುವುದೂ ಈ ಖ್ಯಾತಿಯೇ. ಆದರೆ ಈ ಸೌಕರ್ಯಗಳ ಬಾಗಿಲು ತೆರೆಯುವುದು ಒಂದು ಗುರುತು ಸಂಖ್ಯೆ ಮತ್ತು ಒಂದು ನೋಂದಾಯಿತ ವಿಳಾಸ ದೊರೆತ ಮೇಲೆ. ಮೊದಲ ಕೆಲವು ವಾರಗಳಲ್ಲಿ ಅವನ್ನು ಪಡೆದವರ ಚಳಿಗಾಲ ಸುಗಮ. ತಡಮಾಡಿದವರಿಗೆ ಅದೇ ಚಳಿಗಾಲ ದುಬಾರಿ.

ವ್ಯಾಸಂಗ ಮತ್ತು ಶುಲ್ಕ

ಟ್ಯಾಲಿನ್ ತಾಂತ್ರಿಕ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಯಾಯಿತು. ಅದರ ಮುಖ್ಯ ಆವರಣ ನಗರದ ನೈರುತ್ಯಕ್ಕಿರುವ ಮುಸ್ತಮೇ ಬಡಾವಣೆಯಲ್ಲಿದೆ. ಟ್ಯಾಲಿನ್ ವಿಶ್ವವಿದ್ಯಾಲಯ ಹಲವು ಸಂಸ್ಥೆಗಳ ವಿಲೀನದಿಂದ 2005ರಲ್ಲಿ ರೂಪುಗೊಂಡಿತು. ಕಲೆ ಹಾಗೂ ಸಂಗೀತಕ್ಕೆ ಪ್ರತ್ಯೇಕ ಅಕಾಡೆಮಿಗಳಿವೆ. ದೇಶದ ಅತ್ಯಂತ ಹಳೆಯ ವಿಶ್ವವಿದ್ಯಾಲಯ, 1632ರಲ್ಲಿ ಆರಂಭವಾದದ್ದು, ರಾಜಧಾನಿಯಲ್ಲಿಲ್ಲ. ಅದಿರುವುದು ತಾರ್ತು ನಗರದಲ್ಲಿ.

2013ರ ಸುಧಾರಣೆಯ ನಂತರ ಎಸ್ಟೋನಿಯನ್ ಭಾಷೆಯಲ್ಲಿ ಪೂರ್ಣಾವಧಿ ಓದುವವರಿಗೆ ಬೋಧನಾ ಶುಲ್ಕವಿಲ್ಲ. ಭಾರತದಿಂದ ಹೋಗುವವರು ಸಾಮಾನ್ಯವಾಗಿ ಸೇರುವುದು ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಪದವಿಗೆ. ಅದಕ್ಕೆ ವರ್ಷಕ್ಕೆ ಕೆಲವು ಸಾವಿರ ಯೂರೊ ಶುಲ್ಕ ತೆರಬೇಕಾಗುತ್ತದೆ. ಪಿಎಚ್‌ಡಿಯ ಲೆಕ್ಕ ಬೇರೆ. 2022ರ ಬದಲಾವಣೆಯ ಬಳಿಕ ಸಂಶೋಧನಾ ವಿದ್ಯಾರ್ಥಿಗಳನ್ನು ಕಿರಿಯ ಸಂಶೋಧಕರೆಂದು ವೇತನದ ಮೇಲೆ ನೇಮಿಸಿಕೊಳ್ಳುವ ಪದ್ಧತಿ ಜಾರಿಗೆ ಬಂದಿದೆ.

ಹನ್ನೊಂದು ಅಂಕಿಗಳು

ಎಸ್ಟೋನಿಯಾದ ಪ್ರತಿ ನಿವಾಸಿಗೂ 11 ಅಂಕಿಗಳ ವೈಯಕ್ತಿಕ ಸಂಖ್ಯೆ ಇರುತ್ತದೆ. ನಮ್ಮ ಆಧಾರ್‌ನ 12 ಅಂಕಿಗಳು ವ್ಯಕ್ತಿಯ ಕುರಿತು ಏನನ್ನೂ ಹೇಳುವುದಿಲ್ಲ. ಎಸ್ಟೋನಿಯಾದ ಸಂಖ್ಯೆ ಹಾಗಲ್ಲ. ಮೊದಲ ಅಂಕಿ ಲಿಂಗವನ್ನೂ ಹುಟ್ಟಿದ ಶತಮಾನವನ್ನೂ, ಮುಂದಿನ ಆರು ಅಂಕಿಗಳು ಜನ್ಮದಿನಾಂಕವನ್ನೂ ಸೂಚಿಸುತ್ತವೆ. ಅನಂತರದ ಮೂರು ಕ್ರಮಸಂಖ್ಯೆ. ಕೊನೆಯದು ತಾಳೆಯ ಅಂಕಿ. 2003ರಲ್ಲಿ ಜನಿಸಿದ ವಿದ್ಯಾರ್ಥಿನಿಯ ಸಂಖ್ಯೆ 6ರಿಂದಲೂ ವಿದ್ಯಾರ್ಥಿಯದು 5ರಿಂದಲೂ ಆರಂಭವಾಗುತ್ತದೆ.

ವ್ಯಾಸಂಗಕ್ಕಾಗಿ ತಾತ್ಕಾಲಿಕ ನಿವಾಸ ಪರವಾನಗಿ ಪಡೆದವರಿಗೆ ಚಿಪ್ ಅಳವಡಿಸಿದ ಕಾರ್ಡ್ ನೀಡಲಾಗುತ್ತದೆ. ಅದರೊಂದಿಗೆ ಎರಡು ಗುಪ್ತಸಂಖ್ಯೆಗಳಿರುತ್ತವೆ. ಮೊದಲನೆಯದು ಸರ್ಕಾರಿ ಜಾಲತಾಣಗಳನ್ನು ಪ್ರವೇಶಿಸಲು, ಎರಡನೆಯದು ಸಹಿ ಹಾಕಲು. ಈ ಗಣಕ ಸಹಿಗೆ ಕೈಬರಹದ ಸಹಿಯಷ್ಟೇ ಕಾನೂನು ಮಾನ್ಯತೆ ಇರುವುದರಿಂದ ಬಾಡಿಗೆ ಕರಾರಿಗೂ ಉದ್ಯೋಗ ಪತ್ರಕ್ಕೂ ಅದು ಸಾಕು. ಹಾಗೆಯೇ ಕಾರ್ಡನ್ನೂ ಗುಪ್ತಸಂಖ್ಯೆಯನ್ನೂ ಒಂದೇ ಕಡೆ ಇಡುವುದು ಸಹಿ ಮಾಡಿದ ಖಾಲಿ ಕಾಗದವನ್ನು ಇಟ್ಟಂತೆ. ವ್ಯವಸ್ಥೆ ದೋಷಾತೀತವೂ ಅಲ್ಲ. 2017ರಲ್ಲಿ ಚಿಪ್‌ನ ಲೋಪವೊಂದು ಪತ್ತೆಯಾಗಿ ಸುಮಾರು 7.6 ಲಕ್ಷ ಕಾರ್ಡ್‌ಗಳ ಭದ್ರತೆಯನ್ನು ನವೀಕರಿಸಬೇಕಾಗಿ ಬಂದಿತ್ತು.

ವಿಳಾಸದ ಮಹತ್ವ

ಸಂಖ್ಯೆಯ ನಂತರದ್ದು ವಿಳಾಸ. ನಿವಾಸ ಪರವಾನಗಿ ಪಡೆದವರು ದೇಶಕ್ಕೆ ಬಂದ ಒಂದು ತಿಂಗಳೊಳಗೆ ತಮ್ಮ ವಾಸಸ್ಥಳವನ್ನು ಜನಸಂಖ್ಯಾ ನೋಂದಣಿಯಲ್ಲಿ ದಾಖಲಿಸಬೇಕು. ಟ್ಯಾಲಿನ್ ವಿಳಾಸ ದಾಖಲಾದವರಿಗೆ ನೇರ ಲಾಭವೊಂದಿದೆ. 2012ರ ಜನಾಭಿಪ್ರಾಯ ಸಂಗ್ರಹದ ಬಳಿಕ, 2013ರ ಜನವರಿಯಿಂದ ನಗರದ ನೋಂದಾಯಿತ ನಿವಾಸಿಗಳಿಗೆ ಬಸ್ ಮತ್ತು ಟ್ರಾಮ್ ಪ್ರಯಾಣ ಉಚಿತ. ತಮ್ಮ ಹೆಸರಿಗೆ ಜೋಡಿಸಿದ ಪ್ರಯಾಣ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರಾಯಿತು. ವಿಳಾಸ ನೋಂದಾಯಿಸದ ವಿದ್ಯಾರ್ಥಿ ಅದೇ ಬಸ್ಸಿನಲ್ಲಿ ಹಣ ತೆತ್ತು ಪ್ರಯಾಣಿಸುತ್ತಾನೆ.

ಆದ್ದರಿಂದ ಕೊಠಡಿ ಹುಡುಕುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಆ ವಿಳಾಸವನ್ನು ನೋಂದಾಯಿಸಲು ಸಾಧ್ಯವೇ ಎಂಬುದು. ಲಿಖಿತ ಬಾಡಿಗೆ ಕರಾರು ಇದ್ದರೆ ನೋಂದಣಿ ಸುಲಭ. ಬಾಯಿಮಾತಿನ ಒಪ್ಪಂದದ ಮೇಲೆ ಸ್ನೇಹಿತರ ಕೊಠಡಿಯಲ್ಲಿ ಉಳಿದವರಿಗೆ ತೊಡಕಾಗುತ್ತದೆ. ಕಾನೂನಿನಂತೆ ಮುಂಗಡ ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಊರು ತಲುಪುವ ಮೊದಲೇ, ಮನೆಯನ್ನು ಕಾಣದೆ ಠೇವಣಿ ಕಳುಹಿಸುವುದು ಅಪಾಯಕರ. ಮೊದಲ ವರ್ಷಕ್ಕೆ ವಿಶ್ವವಿದ್ಯಾಲಯದ ವಸತಿನಿಲಯವೇ ಸುರಕ್ಷಿತ ಆಯ್ಕೆ. ಆದರೆ ಪ್ರವೇಶ ಪತ್ರ ಕೈಸೇರಿದ ಕೂಡಲೇ ಅದಕ್ಕೆ ಅರ್ಜಿ ಹಾಕಬೇಕು.

ಬ್ಯಾಂಕ್ ಖಾತೆ ತೆರೆಯುವುದು ನಿರೀಕ್ಷಿಸಿದಷ್ಟು ಸರಳವಲ್ಲ. 2007ರಿಂದ 2015ರವರೆಗೆ ಡಾನ್ಸ್‌ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ ಸುಮಾರು 200 ಶತಕೋಟಿ ಯೂರೊ ಮೊತ್ತದ ಅನುಮಾನಾಸ್ಪದ ವಹಿವಾಟು ಹರಿದಿದ್ದ ಸಂಗತಿ 2018ರಲ್ಲಿ ಬಯಲಾಯಿತು. ಅಂದಿನಿಂದ ಬ್ಯಾಂಕುಗಳು ವಿದೇಶಿ ಗ್ರಾಹಕರ ಹಣದ ಮೂಲವನ್ನೂ ದೇಶದೊಂದಿಗಿನ ನಂಟನ್ನೂ ಕೂಲಂಕಷವಾಗಿ ವಿಚಾರಿಸುತ್ತವೆ. ಪ್ರವೇಶ ಪತ್ರ, ನಿವಾಸ ಕಾರ್ಡ್, ಬಾಡಿಗೆ ಕರಾರು, ಶೈಕ್ಷಣಿಕ ಸಾಲದ ದಾಖಲೆ ಇವೆಲ್ಲ ಜೊತೆಗಿರುವುದು ಒಳಿತು.

ಕತ್ತಲೆಯ ತಿಂಗಳುಗಳು

ಟ್ಯಾಲಿನ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13ರಲ್ಲಿ. ಬೆಂಗಳೂರಿನ ಅತಿ ಚಿಕ್ಕ ಹಗಲು 11 ಗಂಟೆಗೂ ಹೆಚ್ಚು. ಟ್ಯಾಲಿನ್‌ನಲ್ಲಿ ಡಿಸೆಂಬರ್ 21ರ ಆಸುಪಾಸು ಸೂರ್ಯ ಬೆಳಿಗ್ಗೆ ಸುಮಾರು 9.15ಕ್ಕೆ ಹುಟ್ಟಿ ಮಧ್ಯಾಹ್ನ 3.20ರ ಹೊತ್ತಿಗೆ ಮುಳುಗುತ್ತಾನೆ. ಮೋಡ ಕವಿದ ದಿನ ಆ ಆರು ಗಂಟೆಯೂ ಮಂದ ಬೆಳಕೇ. ಹಿಮ ಬಿದ್ದ ಮೇಲೆ ಬೀದಿಗಳು ಅಷ್ಟಿಷ್ಟು ಬೆಳಗುತ್ತವೆ. ಹಿಮವಿಲ್ಲದ ನವೆಂಬರ್‌ನ ಮಳೆಗಾಳಿಯೇ ಹೆಚ್ಚು ಕಠಿಣ. ಕತ್ತಲಲ್ಲಿ ನಡೆಯುವವರು ಬೆಳಕನ್ನು ಪ್ರತಿಫಲಿಸುವ ಬಿಲ್ಲೆ ಧರಿಸುವುದನ್ನು ಕಾನೂನು ಕಡ್ಡಾಯಗೊಳಿಸಿದೆ. 'ಹೆಲ್ಕುರ್' ಎನ್ನುವ ಈ ಪುಟ್ಟ ಬಿಲ್ಲೆ ಮಕ್ಕಳಿಂದ ಮುದುಕರವರೆಗೆ ಎಲ್ಲರ ಕೋಟಿನಲ್ಲೂ ತೂಗುತ್ತಿರುತ್ತದೆ.

ಚಳಿಗಾಲದ ಪರಿಣಾಮ ಖರ್ಚಿನ ಮೇಲೂ ಇದೆ. ಮುಸ್ತಮೇ, ಲಾಸ್ನಮೇ ಮೊದಲಾದ ಬಡಾವಣೆಗಳು ಸೋವಿಯತ್ ಕಾಲದ ಕಾಂಕ್ರೀಟ್ ಫಲಕದ ವಸತಿ ಸಮುಚ್ಚಯಗಳು. ಅಲ್ಲಿನ ಬಹಳಷ್ಟು ಮನೆಗಳಿಗೆ ಶಾಖ ಬರುವುದು ಕೇಂದ್ರ ವ್ಯವಸ್ಥೆಯಿಂದ. ವೆಚ್ಚ ಸಾಮಾನ್ಯವಾಗಿ ಮನೆಯ ವಿಸ್ತೀರ್ಣದಂತೆ ಹಂಚಿಕೆಯಾಗುತ್ತದೆ. ಬಾಡಿಗೆಯ ಹೊರತಾಗಿ ಬರುವ ಈ ಬಿಲ್ಲು ಬೇಸಿಗೆಯಲ್ಲಿ ಅಲ್ಪ, ಜನವರಿಯಲ್ಲಿ ಹಲವು ಪಟ್ಟು. ಆಗಸ್ಟ್‌ನಲ್ಲಿ ಮನೆ ನೋಡಿ ಒಪ್ಪುವವರಿಗೆ ಇದು ಕಾಣುವುದಿಲ್ಲ. ಕರಾರಿಗೆ ಮುನ್ನ ಹಿಂದಿನ ಜನವರಿ ಅಥವಾ ಫೆಬ್ರುವರಿಯ ಬಿಲ್ಲನ್ನು ಕೇಳಿ ನೋಡುವುದು ವಿವೇಕ.

ದುಡಿಮೆ ಮತ್ತು ಕ್ರೆಡಿಟ್

ಇಲ್ಲಿ ಒಂದು ಕ್ರೆಡಿಟ್ ಎಂದರೆ 26 ಗಂಟೆಗಳ ವ್ಯಾಸಂಗ. ಸೆಮಿಸ್ಟರ್‌ಗೆ 30 ಕ್ರೆಡಿಟ್, ಅಂದರೆ 780 ಗಂಟೆ. ಇದರಲ್ಲಿ ತರಗತಿಯ ಪಾಲು ಸ್ವಲ್ಪ; ಉಳಿದದ್ದು ಸ್ವಂತ ಓದು. ತರಗತಿಗಳು ಕಡಿಮೆಯೆಂದು ಭಾವಿಸಿ ಪೂರ್ಣ ದಿನದ ಕೆಲಸಕ್ಕೆ ಸೇರುವವರು ಎಡವುವುದು ಈ ಲೆಕ್ಕದಲ್ಲೇ. ಪೂರ್ಣಾವಧಿ ವಿದ್ಯಾರ್ಥಿಯೆನಿಸಲು ನಿಗದಿತ ಹೊರೆಯ ಕನಿಷ್ಠ ಶೇ. 75, ಅಂದರೆ ಸೆಮಿಸ್ಟರ್‌ಗೆ ಸರಾಸರಿ 22.5 ಕ್ರೆಡಿಟ್ ಪೂರೈಸಬೇಕು. ನಿವಾಸ ಪರವಾನಗಿ ನಿಂತಿರುವುದು ಪೂರ್ಣಾವಧಿ ವ್ಯಾಸಂಗದ ಮೇಲೆ. ಆಹಾರ ಸಾಗಿಸುವ ಕೆಲಸದಲ್ಲಿ ರಾತ್ರಿಗಳನ್ನು ಕಳೆದು ಪರೀಕ್ಷೆ ತಪ್ಪಿಸಿಕೊಂಡವರು ಕಳೆದುಕೊಳ್ಳುವುದು ಅಂಕವನ್ನಷ್ಟೇ ಅಲ್ಲ. ದೇಶದಲ್ಲಿ ಉಳಿಯುವ ಹಕ್ಕೂ ಅಲುಗಾಡುತ್ತದೆ. ಊರಲ್ಲಿ ಸಾಲ ಮಾಡಿ ಕಳುಹಿಸಿದ ಕುಟುಂಬಕ್ಕೆ ಇದು ಸಣ್ಣ ಪೆಟ್ಟಲ್ಲ.

ವೈದ್ಯಕೀಯ ವಿಮೆಯೂ ಇದಕ್ಕೆ ಹೊಂದಿಕೊಂಡ ವಿಷಯ. ಭಾರತೀಯ ವಿದ್ಯಾರ್ಥಿ ಎಂಬ ಕಾರಣಕ್ಕೆ ಸರ್ಕಾರಿ ಆರೋಗ್ಯ ವಿಮೆ ದೊರೆಯುವುದಿಲ್ಲ. ಖಾಸಗಿ ವಿಮೆ ಕೊಳ್ಳಬೇಕು. ಉದ್ಯೋಗದಾತ ವೇತನದ ಮೇಲೆ ಶೇ. 33 ಸಾಮಾಜಿಕ ತೆರಿಗೆ ಕಟ್ಟುವ ಕ್ರಮಬದ್ಧ ಉದ್ಯೋಗದಲ್ಲಿರುವವರಿಗೆ ಮಾತ್ರ ಸರ್ಕಾರಿ ವಿಮೆಯ ದಾರಿ ತೆರೆಯುತ್ತದೆ.

ನುಡಿ ಮತ್ತು ಊಟ

ಎಸ್ಟೋನಿಯನ್ ಭಾಷೆ ಫಿನ್ನಿಷ್‌ನ ಸೋದರಿ. ರಷ್ಯನ್, ಜರ್ಮನ್ ಭಾಷೆಗಳ ಕುಟುಂಬಕ್ಕೆ ಸೇರಿದ್ದಲ್ಲ. ಅದರಲ್ಲಿ 14 ವಿಭಕ್ತಿಗಳಿವೆ, ವ್ಯಾಕರಣದಲ್ಲಿ ಲಿಂಗಭೇದವಿಲ್ಲ. ಪ್ರತ್ಯಯಗಳನ್ನು ಪದದ ಕೊನೆಗೆ ಹಚ್ಚುವ ಕ್ರಮ ಕನ್ನಡಿಗರಿಗೆ ಅಪರಿಚಿತವೆನಿಸದು. 'ಟ್ಯಾಲಿನ್ನಾಸ್' ಎಂದರೆ ಟ್ಯಾಲಿನ್‌ನಲ್ಲಿ, 'ಟ್ಯಾಲಿನ್ನಾಸ್ಟ್' ಎಂದರೆ ಟ್ಯಾಲಿನ್‌ನಿಂದ. ನಮಸ್ಕಾರಕ್ಕೆ ಅವರ ಪದ 'ತೆರೆ'; ಕನ್ನಡಿಗರು ಅದನ್ನು ಮರೆಯುವ ಸಂಭವವಿಲ್ಲ. ರಾಜಧಾನಿಯಲ್ಲಿ ರಷ್ಯನ್ ಮಾತನಾಡುವವರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇಂಗ್ಲಿಷ್‌ನಲ್ಲಿ ದಿನ ದೂಡಬಹುದಾದರೂ ತಂತ್ರಾಂಶ ಕ್ಷೇತ್ರದ ಹೊರಗೆ ಉದ್ಯೋಗ ಬಯಸುವವರಿಗೆ ಸ್ಥಳೀಯ ಭಾಷೆ ಬೇಕೇ ಬೇಕು.

ಆಹಾರದಲ್ಲಿ ರೈ ಧಾನ್ಯದ ಕಪ್ಪು ಬ್ರೆಡ್, ಆಲೂಗಡ್ಡೆ, ಮೀನು, ಹಂದಿಮಾಂಸ ಪ್ರಧಾನ. ಸಸ್ಯಾಹಾರಿಗಳಿಗೆ ಹಾಲಿನ ಪದಾರ್ಥಗಳು ಆಧಾರ. ಮಜ್ಜಿಗೆಯನ್ನು ನೆನಪಿಸುವ ಕೆಫಿರ್ ಎಲ್ಲ ಅಂಗಡಿಗಳಲ್ಲೂ ದೊರೆಯುತ್ತದೆ. ಬಾರ್ಲಿ, ರೈ, ಓಟ್ಸ್, ಬಟಾಣಿಗಳನ್ನು ಹುರಿದು ಬೀಸಿದ 'ಕಾಮಾ' ಹಿಟ್ಟನ್ನು ಅದರಲ್ಲಿ ಕಲಸಿ ತಿನ್ನುತ್ತಾರೆ. ನಮ್ಮ ಹುರಿಹಿಟ್ಟಿನ ದೂರದ ಬಂಧುವೆನ್ನಬಹುದು.

ಅಕ್ಟೋಬರ್‌ಗೆ ಮುನ್ನ

ಎಸ್ಟೋನಿಯಾ 2013ರಲ್ಲಿ ನವದೆಹಲಿಯಲ್ಲಿ ರಾಯಭಾರ ಕಚೇರಿ ತೆರೆಯಿತು. ಭಾರತ 2021ರಲ್ಲಿ ಟ್ಯಾಲಿನ್‌ನಲ್ಲಿ ತೆರೆಯಿತು. ಪಾಸ್‌ಪೋರ್ಟ್ ಕಳೆದರೆ ಸಮುದ್ರ ದಾಟಿ ಹೆಲ್ಸಿಂಕಿಗೆ ಹೋಗುವ ಅಗತ್ಯ ಈಗಿಲ್ಲ. ಪರವಾನಗಿ ಹಾಗೂ ಕೆಲಸದ ನಿಯಮಗಳು ಆಗಾಗ್ಗೆ ಬದಲಾಗುವುದರಿಂದ ಆಯಾ ವರ್ಷದ ನಿಯಮಗಳನ್ನು ಎಸ್ಟೋನಿಯಾದ ಪೊಲೀಸ್ ಮತ್ತು ಗಡಿರಕ್ಷಣಾ ಮಂಡಳಿಯ ಪ್ರಕಟಣೆಯಲ್ಲೇ ಓದಬೇಕು. ಮಧ್ಯವರ್ತಿಗಳ ಭರವಸೆ ಸಾಲದು.

ತರಗತಿಗಳು ಆರಂಭವಾಗುವುದು ಸೆಪ್ಟೆಂಬರ್ ಮೊದಲ ವಾರದ ಸುಮಾರಿಗೆ. ಆಗ ಸಂಜೆ ಇನ್ನೂ ಬೆಳಕಿರುತ್ತದೆ; ಕಚೇರಿಗಳಿಗೆ ಅಲೆಯುವುದು ಸುಲಭ. ಸಂಖ್ಯೆ, ವಿಳಾಸ, ಪ್ರಯಾಣ ಕಾರ್ಡ್, ಖಾತೆ, ವಿಮೆ ಈ ಐದನ್ನೂ ಅದೇ ತಿಂಗಳಲ್ಲಿ ಮುಗಿಸಿಕೊಂಡವರಿಗೆ ನವೆಂಬರ್‌ನಲ್ಲಿ ಉಳಿಯುವ ಕೆಲಸ ಓದು ಮಾತ್ರ. ಆ ಕತ್ತಲೆಯನ್ನು ದಾಟಿದವರಿಗೆ ಜೂನ್‌ನಲ್ಲಿ ಹದಿನೆಂಟೂವರೆ ಗಂಟೆಗಳ ಹಗಲು ಕಾದಿರುತ್ತದೆ.