ವೇಲಚೇರಿಯ ಮೇಯರ್

2001ರ ಜೂನ್ 30ರ ನಸುಕಿನಲ್ಲಿ ಮಾಜಿ ಮುಖ್ಯಮಂತ್ರಿ ಕರುಣಾನಿಧಿಯವರನ್ನು ಪೊಲೀಸರು ಮನೆಯಿಂದ ಎಳೆದೊಯ್ದ ದೃಶ್ಯವನ್ನು ದೇಶವೆಲ್ಲ ಟಿವಿಯಲ್ಲಿ ಕಂಡಿತು. ಅದೇ ಕಾರ್ಯಾಚರಣೆಯಲ್ಲಿ ಚೆನ್ನೈನ ದಕ್ಷಿಣಕ್ಕಿರುವ ವೇಲಚೇರಿಯ ಒಂದು ಮನೆಗೂ ಪೊಲೀಸರು ಹೋಗಿದ್ದರು. ಅದು ಕರುಣಾನಿಧಿಯವರ ಮಗ, ನಗರದ ಮೇಯರ್ ಎಂ.ಕೆ. ಸ್ಟಾಲಿನ್ ಅವರ ಮನೆ. ಮೇಯರ್ ಅಲ್ಲಿರಲಿಲ್ಲ, ಬಳಿಕ ತಾವೇ ನ್ಯಾಯಾಧೀಶರ ಮುಂದೆ ಶರಣಾದರು. ಮೇಲ್ಸೇತುವೆಗಳ ಗುತ್ತಿಗೆಯಲ್ಲಿ ಸುಮಾರು 12 ಕೋಟಿ ರೂಪಾಯಿ ನಷ್ಟವಾಗಿದೆ ಎಂಬುದು ಆರೋಪ. ಪ್ರಕರಣ ಶಿಕ್ಷೆಯವರೆಗೆ ಹೋಗಲಿಲ್ಲ.

ಆ ಒಂಬತ್ತು ಸೇತುವೆಗಳೇ ಅವರ ಮೇಯರ್‌ಗಿರಿಯ ಹೆಗ್ಗಳಿಕೆಯೂ ಆಗಿದ್ದವು. 1688ರಲ್ಲಿ ಹುಟ್ಟಿದ ಈ ಕಾರ್ಪೊರೇಷನ್‌ನ ಕೌನ್ಸಿಲನ್ನು 1973ರಲ್ಲಿ ವಿಸರ್ಜಿಸಲಾಗಿತ್ತು. ಅಲ್ಲಿಂದ 23 ವರ್ಷ ಅಧಿಕಾರಿಗಳದೇ ಆಡಳಿತ. ಕೌನ್ಸಿಲ್ಲಿಲ್ಲದ ನಗರವೆಂದರೇನೆಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ: ಬಿಬಿಎಂಪಿ ಕೌನ್ಸಿಲ್ಲಿನ ಅವಧಿ 2020ರಲ್ಲಿ ಮುಗಿಯಿತು. 1996ರಲ್ಲಿ ಚೆನ್ನೈಗೆ ಚುನಾವಣೆ ಮರಳಿದಾಗ ಮತದಾರರೇ ನೇರವಾಗಿ ಮೇಯರನ್ನು ಆರಿಸಿದರು. ಹಾಗೆ ಗೆದ್ದ ಮೊದಲಿಗರು ಸ್ಟಾಲಿನ್. ಥೌಸಂಡ್ ಲೈಟ್ಸ್ ಕ್ಷೇತ್ರದ ಶಾಸಕರೂ ಅವರೇ. ಒಬ್ಬನಿಗೆ ಎರಡು ಕುರ್ಚಿ ಏಕೆ ಎಂದು ಕೇಳಬಹುದಿತ್ತು. ಆಗ ಅಡ್ಡಿಯಾಗುವ ಕಾನೂನು ಇರಲಿಲ್ಲ.

ಬಂಧನದ ಕೆಲವೇ ತಿಂಗಳಲ್ಲಿ, ರಾಜ್ಯದಲ್ಲಿ ಎದುರು ಪಕ್ಷದ ಸರ್ಕಾರವಿರುವಾಗಲೇ, ಅವರು ಮತ್ತೆ ಮೇಯರ್ ಆಗಿ ಗೆದ್ದರು. 2002ರಲ್ಲಿ ಜಯಲಲಿತಾ ಸರ್ಕಾರ ಎರಡು ಚುನಾಯಿತ ಹುದ್ದೆಗಳನ್ನು ಒಬ್ಬರೇ ಹೊಂದುವಂತಿಲ್ಲ ಎಂಬ ತಿದ್ದುಪಡಿ ತಂದಿತು. ಗುರಿ ಯಾರೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಹೈಕೋರ್ಟ್ ಆ ತಿದ್ದುಪಡಿಯನ್ನು ಒಪ್ಪಲಿಲ್ಲ. ಆದರೆ 1919ರ ಹಳೆಯ ಕಾಯ್ದೆಯ ಪ್ರಕಾರ ಸತತ ಎರಡು ಅವಧಿಗೆ ಮೇಯರ್ ಆಗುವಂತಿಲ್ಲ ಎಂದಿತು. ಜನ ನೇರವಾಗಿ ಮೇಯರನ್ನು ಆರಿಸುವ ಕಾಲವನ್ನೇ ಕಾಣದ ಕಾಯ್ದೆ ಅದು. ಸ್ಟಾಲಿನ್ ಸುಪ್ರೀಂ ಕೋರ್ಟಿಗೆ ಹೋಗಲಿಲ್ಲ. ಲಕ್ಷಾಂತರ ಮತಗಳಿಂದ ಬಂದ ಕುರ್ಚಿ ಹೀಗೆ ಹೋಯಿತು. ಉಳಿದ ಅವಧಿಯನ್ನು ಉಪಮೇಯರ್ ಕರಾಟೆ ತ್ಯಾಗರಾಜನ್ ನಡೆಸಿದರು.

2006ರಲ್ಲಿ ಡಿಎಂಕೆ ಮತ್ತೆ ಅಧಿಕಾರಕ್ಕೆ ಬಂತು. ಸ್ಟಾಲಿನ್ ಸ್ಥಳೀಯಾಡಳಿತ ಸಚಿವರಾದರು. ನೇರ ಆಯ್ಕೆಯ ಹಕ್ಕಿಗೆ ಅವರೇ ಕಾವಲಾಗಬಹುದಿತ್ತು. ಅದೇ ವರ್ಷ ಅವರ ಸರ್ಕಾರ ಆ ಹಕ್ಕನ್ನು ಜನರಿಂದ ಹಿಂತೆಗೆದುಕೊಂಡಿತು, ಕೌನ್ಸಿಲರುಗಳು ಮಾ. ಸುಬ್ರಮಣಿಯನ್ ಅವರನ್ನು ಮೇಯರ್ ಮಾಡಿದರು. 2011ರಲ್ಲಿ ಜಯಲಲಿತಾ ಬಂದಾಗ ನೇರ ಚುನಾವಣೆ ಮರಳಿತು, ಅವರ ಪಕ್ಷದ ಸೈದೈ ದುರೈಸಾಮಿ ಗೆದ್ದರು. ಮುಂದೆ ಅದೂ ಹೋಯಿತು. 2022ರಲ್ಲಿ, ಸ್ಟಾಲಿನ್ ಮುಖ್ಯಮಂತ್ರಿಯಾಗಿದ್ದಾಗ, ಆರ್. ಪ್ರಿಯಾ ಮೇಯರ್ ಆದರು. ಅವರನ್ನು ಆರಿಸಿದ್ದೂ ಕೌನ್ಸಿಲರುಗಳೇ.